ಚಿಗುರು ಬಂದರೆ ಬೇರು ಬಂದಂತಲ್ಲ
ಹಿಪ್ಪುನೇರಳೆ ಸಸಿ ಮಡಿ ಮಾಡುವವರಿಗೆ ನಾಲ್ಕು ಮಾತು



ಮೊಳಕಾಲ್ಮೂರು ಅಂದ ಕೂಡಲೇ ನೆನಪಾಗುವುದು ರೇಷ್ಮೆ ಸೀರೆ. ಸೀರೆಗೆ ನೂಲು ಬೇಕು, ನೂಲಿಗೆ ಗೂಡು ಬೇಕು, ಗೂಡು ಕಟ್ಟುವ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬೇಕು. ಆ ಸೊಪ್ಪಿನ ಗಿಡ ಬರುವುದು ಗೇಣುದ್ದವೂ ಇಲ್ಲದ ಒಂದು ಕಡ್ಡಿಯಿಂದ. ಬೀಜದಿಂದ ಬೆಳೆಸಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಆದ್ದರಿಂದ ಕಡ್ಡಿಯೇ ಬೇಕು. ಜಮೀನಿಲ್ಲದ ಸದಸ್ಯರೂ ಹಿತ್ತಲಲ್ಲಿ ಮಡಿ ಮಾಡಿ ಸಸಿ ಮಾರಬಹುದು. ಒಂದು ಎಕರೆಗೆ 3 ಅಡಿಗೊಂದರಂತೆ ನೆಟ್ಟರೆ 4,840 ಸಸಿ ಬೇಕಾಗುತ್ತದೆ.

ಆದರೆ ಮಡಿ ಒಣಗಿದರೆ ಸಂಘದ ಸಾಲ ಹಾಗೇ ಉಳಿಯುತ್ತದೆ, ಸಸಿ ನಂಬಿದ ರೈತನಿಗೆ ಒಂದು ಹಂಗಾಮು ಹೋಗುತ್ತದೆ. ಸಸಿ ನೆಡಲು ತಯಾರಾಗಲು 3ರಿಂದ 4 ತಿಂಗಳು ಬೇಕು. ಮುಂಗಾರಿಗೆ ಸಸಿ ಕೊಡಬೇಕಾದರೆ ಫೆಬ್ರವರಿ-ಮಾರ್ಚ್‌ನಲ್ಲೇ ಕಡ್ಡಿ ಊರಬೇಕು. ಆಗ ಚಳ್ಳಕೆರೆ, ಮೊಳಕಾಲ್ಮೂರಿನ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಕಡ್ಡಿ ಸಾಯುವುದು ಯಾಕೆ?

ಕತ್ತರಿಸಿದ ಕಡ್ಡಿಗೆ ಬೇರಿಲ್ಲ. ಬೇರಿಲ್ಲದೆ ನೀರು ಸರಿಯಾಗಿ ಏರುವುದಿಲ್ಲ. ಆದರೂ ಸುಮಾರು 10-15 ದಿನದಲ್ಲಿ ಕಣ್ಣು ಒಡೆದು ಚಿಗುರು ಬರುತ್ತದೆ. ಇದು ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರವನ್ನು ಖರ್ಚು ಮಾಡುವುದು, ಅಷ್ಟೇ. ಆ ಹೊತ್ತಿಗೆ ಬೇರು ಇನ್ನೂ ಬಂದಿರುವುದಿಲ್ಲ, ಬಂದರೂ ಎಳೆಯದು. ಎಲೆ ಮಾತ್ರ ದಿನವೂ ನೀರು ಬಿಡುತ್ತಲೇ ಇರುತ್ತದೆ. "ಚಿಗುರು ಬಂತಲ್ಲ, ಇನ್ನೇನು ಭಯ" ಅಂತ ನೆರಳು ತೆಗೆದರೆ, ನೀರು ಮರೆತರೆ, ಕಡ್ಡಿ ಅಲ್ಲಿಗೇ ಮುಗಿಯಿತು.

ಮಾಡುವ ಕ್ರಮ

1. ಕಡ್ಡಿ: ರೋಗವಿಲ್ಲದ ತೋಟದ, 6-8 ತಿಂಗಳು ಬಲಿತ ಕೊಂಬೆ ಆರಿಸಿ. ಪೆನ್ಸಿಲ್‌ನಷ್ಟು ದಪ್ಪ, 15-20 ಸೆಂ.ಮೀ. ಉದ್ದ, 3-4 ಕಣ್ಣು ಇರಲಿ. ಎಳೆಯ ತುದಿ ಬೇಡ. ಹರಿತವಾದ ಕತ್ತಿಯಿಂದ ಓರೆಯಾಗಿ ಕತ್ತರಿಸಿ, ಸಿಪ್ಪೆ ಸೀಳಬಾರದು. ಬೇರು ಕೊಳೆ ರೋಗ ಇರುವ ತೋಟದ ಕಡ್ಡಿ ಪುಕ್ಕಟೆ ಸಿಕ್ಕರೂ ಬೇಡ.

2. ತಳಿ: ನೀರಾವರಿ ಇದ್ದರೆ ವಿ-1. ಇದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ತಳಿ. ಮಳೆಯಾಶ್ರಯದ ಕೆಂಪು ಮಣ್ಣಿಗೆ ಎಸ್-13, ಎರೆ ಮಣ್ಣಿಗೆ ಎಸ್-34. ಕೊಳ್ಳುವ ರೈತನ ಹೊಲ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

3. ಉಪಚಾರ: ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಕದಡಿದ ನೀರಿನಲ್ಲಿ ಕಡ್ಡಿಯನ್ನು ಅರ್ಧ ಗಂಟೆ ಅದ್ದಿಡಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಆ ದಿನವೇ ಊರಲು ಆಗದಿದ್ದರೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಲ್ಲಿಡಿ.

4. ಮಡಿ: ಹೊಂಗೆ ಅಥವಾ ಬೇವಿನ ನೆರಳಲ್ಲಿ 10 ಅಡಿ ಉದ್ದ, 4 ಅಡಿ ಅಗಲ ಸಾಕು. ಮಣ್ಣಿಗೆ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ. ಸಾಲಿನಿಂದ ಸಾಲಿಗೆ 20 ಸೆಂ.ಮೀ., ಕಡ್ಡಿಯಿಂದ ಕಡ್ಡಿಗೆ 8 ಸೆಂ.ಮೀ. ಬಿಟ್ಟರೆ ಸುಮಾರು 225 ಕಡ್ಡಿ ಹಿಡಿಯುತ್ತದೆ. ಕಣ್ಣು ಮೇಲ್ಮುಖವಾಗಿರಲಿ, ಒಂದೇ ಕಣ್ಣು ಮಣ್ಣಿನ ಮೇಲೆ ಕಾಣಲಿ. ಸುತ್ತ ಮಣ್ಣನ್ನು ಒತ್ತಿ ಬಿಗಿ ಮಾಡಿ.

5. ಗುಡಾರ: ಬಿದಿರಿನ ದಬ್ಬೆ ಬಗ್ಗಿಸಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಒಳಗಿನ ಗಾಳಿ ತೇವವಾಗಿದ್ದರೆ ಎಲೆ ಬಿಡುವ ನೀರು ಕಡಿಮೆಯಾಗುತ್ತದೆ. ಆದರೆ ನೇರ ಬಿಸಿಲು ಬಿದ್ದರೆ ಇದೇ ಗುಡಾರದಲ್ಲಿ ಕಡ್ಡಿ ಬೆಂದುಹೋಗುತ್ತದೆ. ನೆರಳು ಬೇಕೇ ಬೇಕು. ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತು ಎರಡೂ ತುದಿ ಎತ್ತಿ ಗಾಳಿಯಾಡಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

6. ನೀರು: ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ನಿಂತರೆ ಕಡ್ಡಿಯ ಬುಡ ಕೊಳೆಯುತ್ತದೆ.

ಹೊದಿಕೆ ಯಾವಾಗ ತೆಗೆಯಬೇಕು?

ಚಿಗುರು ನೋಡಿ ತೀರ್ಮಾನಿಸಬೇಡಿ. 4 ವಾರದ ನಂತರ ಮಡಿಯ ಬೇರೆ ಬೇರೆ ಕಡೆ ನಾಲ್ಕೈದು ಕಡ್ಡಿಗಳನ್ನು ಮಣ್ಣಿನ ಸಮೇತ ಅಗೆದು ನೋಡಿ. ಬಿಳಿ ಬೇರು ಕವಲೊಡೆದಿದ್ದರೆ ಸರಿ. ದಿನವೂ ಎಳೆದು ಪರೀಕ್ಷೆ ಮಾಡಬೇಡಿ. ಎಳೆ ಬೇರು ಕಿತ್ತುಹೋಗುತ್ತದೆ. ಬೇರು ಕಂಡ ಮೇಲೂ ಒಂದೇ ಸಲಕ್ಕೆ ಹಾಳೆ ತೆಗೆಯದೆ, ಒಂದು ವಾರ ದಿನಕ್ಕಿಷ್ಟು ಹೊತ್ತು ತೆರೆದು ಅಭ್ಯಾಸ ಮಾಡಿಸಿ.

ಇನ್ನೊಂದು ಮಾತು. ಕೊಳ್ಳುವವರು ಖಚಿತವಾಗದೆ ಸಾಲ ಎತ್ತಬೇಡಿ. ಮೊದಲ ವರ್ಷ ಎರಡೇ ಮಡಿ ಮಾಡಿ, ಊರಿದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಸಂಘದ ಪುಸ್ತಕದಲ್ಲಿ ಬರೆಯಿರಿ. 225ರಲ್ಲಿ 150 ಉಳಿದರೆ ಖರ್ಚನ್ನು 150ಕ್ಕೇ ಹಂಚಿ ಬೆಲೆ ಲೆಕ್ಕ ಹಾಕಬೇಕು. ತಾಲ್ಲೂಕಿನ ರೇಷ್ಮೆ ಇಲಾಖೆಯವರನ್ನು ಕೇಳಲು ಸಂಕೋಚ ಬೇಡ.

ನಮ್ಮ ಸಂಘಗಳಿಗೂ ಇದೇ ಮಾತು ಸಲ್ಲುತ್ತದೆ. ಹೆಸರು, ಫಲಕ, ಸಭೆ, ಇವೆಲ್ಲ ಚಿಗುರು. ಉಳಿತಾಯ, ಲೆಕ್ಕ, ಒಬ್ಬರಿಗೊಬ್ಬರ ನಂಬಿಕೆ, ಇವು ಬೇರು. ಬೇರಿಗೆ ಸಮಯ ಕೊಡೋಣ.