ವೈಮಾನಿಕನ ಕಣ್ಣು ಹೇಳುವ ಗುಟ್ಟು

ಒಲೆಯ ಮೇಲೆ ಹಾಲಿಟ್ಟು ಮಗನಿಗೆ ಹದಿನೇಳರ ಮಗ್ಗಿ ಹೇಳಿಕೊಡುತ್ತಿರುವ ಗೃಹಿಣಿಗೆ ಹಾಲು ಉಕ್ಕಿದ ಸುದ್ದಿ ತಿಳಿಯುವುದು ವಾಸನೆ ಬಂದ ಮೇಲೆಯೇ. ಕಣ್ಣು ಒಲೆಯ ಕಡೆಗೇ ಇದ್ದರೂ ಮನಸ್ಸಿನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಅಡುಗೆಮನೆಯಲ್ಲಿ ನಷ್ಟವಾಗುವುದು ಅರ್ಧ ಲೀಟರ್ ಹಾಲು ಮಾತ್ರ; ಆಕಾಶದಲ್ಲಿ ಹಾಗಲ್ಲ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ನಗರದ ಬಳಿ, ಮುಂಚಕ್ರ ಇಳಿದುದನ್ನು ಸೂಚಿಸುವ ಪುಟ್ಟ ದೀಪವೊಂದು ಬೆಳಗಲಿಲ್ಲವೆಂದು ಪ್ರಯಾಣಿಕ ವಿಮಾನವೊಂದರ ಚಾಲಕರು ಅದರಲ್ಲಿಯೇ ಮಗ್ನರಾದರು. ವಿಮಾನ ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದುದು ಅವರ ಗಮನಕ್ಕೆ ಬಂದಾಗ ಹೊತ್ತು ಮೀರಿತ್ತು. ಜೌಗುನೆಲಕ್ಕೆ ಅಪ್ಪಳಿಸಿದ ಆ ವಿಮಾನದಲ್ಲಿದ್ದ ಸುಮಾರು ನೂರು ಮಂದಿ ಮೃತರಾದರು.

ಹಾಗಾದರೆ ಮನಸ್ಸಿನ ಹೊರೆಯನ್ನು ತೂಗುವ ತಕ್ಕಡಿ ಯಾವುದು? ವೈಮಾನಿಕನನ್ನೇ ಕೇಳಬಹುದು. ಅದಕ್ಕೆಂದು 1980ರ ದಶಕದಲ್ಲಿ ನಾಸಾ ಸಂಸ್ಥೆ ರಚಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಆದರೆ ಕೆಲಸ ಮುಗಿದ ಮೇಲೆ ಉತ್ತರ ಕೊಡುವುದು ನೆನಪು. ಅದರೊಡನೆ ಅಭಿಮಾನವೂ ಬೆರೆಯುತ್ತದೆ. ತನಗೆ ಕಷ್ಟವಾಯಿತೆಂದು ಗುರುವಿನೆದುರು ಒಪ್ಪಿಕೊಳ್ಳುವ ತರುಣರೆಷ್ಟು ಮಂದಿ?

ಮಲ್ಲೇಶ್ವರದ ನೆರೆಯಲ್ಲಿ, ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರದೀಪ್ತ ಬಿಸ್ವಾಸ್ ಮತ್ತು ಅವರ ಶಿಷ್ಯರು ಬಾಯಿಗಿಂತ ಕಣ್ಣನ್ನು ಹೆಚ್ಚು ನಂಬುವ ಮಾರ್ಗ ಹಿಡಿದರು. ನಗರದಲ್ಲೇ ಇರುವ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸಿನ ವಿಜ್ಞಾನಿಗಳೂ ಅವರೊಡನೆ ಕೈಗೂಡಿಸಿದರು. ನೆಲದ ಮೇಲಿನ ಕೃತಕ ವಿಮಾನದಲ್ಲಷ್ಟೇ ಅಲ್ಲದೆ ನಿಜವಾದ ಹಾರಾಟದಲ್ಲಿಯೂ ಚಾಲಕರ ದೃಷ್ಟಿಯನ್ನು ಅಳೆದ ಅವರ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ಕಣ್ಣನ್ನೇ ಏಕೆ ಆರಿಸಿದರು? ಕಠಿನವಾದ ಗುಣಾಕಾರವನ್ನು ಮನಸ್ಸಿನಲ್ಲೇ ಮಾಡುವವನ ಕಣ್ಣಿನ ಪಾಪೆ ಅರಳುತ್ತದೆ, ಉತ್ತರ ದೊರೆತೊಡನೆ ಕುಗ್ಗುತ್ತದೆ ಎಂಬುದನ್ನು ಹೆಸ್ ಮತ್ತು ಪೋಲ್ಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1964ರಲ್ಲಿಯೇ ತೋರಿಸಿದ್ದರು. ಆದರೆ ಬೆಳಕು ಕುಂದಿದರೂ ಪಾಪೆ ಅರಳುತ್ತದೆ, ಭಯವಾದರೂ ಅರಳುತ್ತದೆ. ಮೋಡ ಹೊಕ್ಕ ವಿಮಾನದಲ್ಲಿ ಯಾವುದು ಯಾವುದರ ಫಲವೆಂದು ಹೇಳುವುದು ಸುಲಭವಲ್ಲ. ಆದುದರಿಂದ ಪಾಪೆಯ ಗಾತ್ರವೊಂದನ್ನೇ ನೆಚ್ಚದೆ, ಅದು ನಿಧಾನವಾಗಿ ಹಿಗ್ಗಿ ಕುಗ್ಗುವ ಲಯವನ್ನೂ ದೃಷ್ಟಿ ಎಲ್ಲೆಲ್ಲಿ ನೆಟ್ಟಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಅನಂತರದ ವರ್ಷಗಳಲ್ಲಿ ಇದೇ ತಂಡ ಕಡಿಮೆ ವೆಚ್ಚದ ವರ್ಚುಯಲ್ ರಿಯಾಲಿಟಿ ವಿಮಾನವೊಂದನ್ನು ನಿರ್ಮಿಸಿತು. ಮುಖ ಮುಚ್ಚುವ ದಪ್ಪ ಕನ್ನಡಕವನ್ನು ಧರಿಸಿದೊಡನೆ ಕೊಠಡಿ ಮಾಯವಾಗಿ ಸುತ್ತಲೂ ಯುದ್ಧದ ಆಕಾಶ ತೆರೆದುಕೊಳ್ಳುತ್ತದೆ. ಬೆನ್ನಟ್ಟಬೇಕಾದ ಗುರಿಯೊಂದು ಮುಂದೆ ಹಾರುತ್ತಿರುತ್ತದೆ. ಚಾಲಕನು ಅದರ ಹಿಂದೆ ಬಿದ್ದಿರುವಾಗ ಒಂದು ಸಾಧನ ಅವನ ಕಣ್ಣನ್ನು ಗಮನಿಸುತ್ತದೆ, ತಲೆಗೆ ತೊಟ್ಟ ಮತ್ತೊಂದು ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸುತ್ತದೆ. ಚಾಲನೆಯ ಹಿಡಿಕೆಯನ್ನು ಕೈ ಎಷ್ಟು ಅಲುಗಿಸಿತೆಂಬ ಲೆಕ್ಕವೂ ಉಂಟು. ಇವೆಲ್ಲವನ್ನೂ ಹೋಲಿಸಿದಾಗ, ಚಾಲಕರಿಗೆ ಕಷ್ಟವೆನಿಸಿದ ಕೆಲಸಕ್ಕೂ ಈ ಅಳತೆಗಳಿಗೂ ಗಾಢವಾದ ಸಂಬಂಧವಿರುವುದು ಕಂಡುಬಂತು.

ಇದರ ಪ್ರಯೋಜನ ತರಬೇತಿಯ ಕೊಠಡಿಯಲ್ಲಿದೆ. ಇಬ್ಬರು ಅಭ್ಯರ್ಥಿಗಳು ಒಂದೇ ಬಗೆಯಾಗಿ, ತಪ್ಪಿಲ್ಲದೆ ವಿಮಾನವನ್ನಿಳಿಸಿದರೆನ್ನೋಣ. ಪರೀಕ್ಷಕರ ಪುಸ್ತಕದಲ್ಲಿ ಇಬ್ಬರಿಗೂ ಸಮಾನ ಅಂಕ. ಆದರೆ ಒಬ್ಬನ ಮನಸ್ಸಿನಲ್ಲಿ ಇನ್ನೂ ನಾಲ್ಕು ವಿಷಯಗಳಿಗೆ ಸ್ಥಳವಿತ್ತು. ಇನ್ನೊಬ್ಬನದು ಅಂಚಿನವರೆಗೆ ತುಂಬಿತ್ತು. ಆ ಎರಡನೆಯವನನ್ನು ಅನುತ್ತೀರ್ಣನೆನ್ನಲು ಈ ಯಂತ್ರವನ್ನು ಬಳಸಿದರೆ ಅದು ಅನ್ಯಾಯವೇ ಸರಿ. ಅವನಿಗೆ ಅದೇ ಪಾಠವನ್ನು ಇನ್ನಷ್ಟು ಬಾರಿ, ಯಾರ ಜೀವಕ್ಕೂ ಅಪಾಯವಿಲ್ಲದ ಆ ಮಾಯಾಕಾಶದಲ್ಲಿ ಮಾಡಿಸಬಹುದು. ಮೊದಲನೆಯವನ ಎದುರಿಗೆ ಬೆಳಗದ ದೀಪವೊಂದನ್ನು ಇರಿಸಿ ನೋಡಬಹುದು.