ಅರ್ಧ ಕಪ್ ಕೊಬ್ಬರಿ ಎಣ್ಣೆ ಎಷ್ಟು ಗ್ರಾಂ?

ಪ್ರಶ್ನೆ: ಕೇಕ್‌ಗೆ ಅರ್ಧ ಕಪ್, ಅಂದರೆ 120 ಮಿಲಿ ಕೊಬ್ಬರಿ ಎಣ್ಣೆ ಬೇಕಂತೆ. ತಕ್ಕಡಿಯಲ್ಲಿ 120 ಗ್ರಾಂ ತೂಗಿದರೆ ಸರಿಯೇ?
– ಓದುಗರು, ತುರುವೇಕೆರೆ

ಉತ್ತರ: ಸರಿಯಲ್ಲ, 110 ಗ್ರಾಂ ಸಾಕು. ಮಿಲಿಗೆ ಒಂದು ಗ್ರಾಂ ಎಂಬ ಲೆಕ್ಕ ನೀರಿಗೆ ಮಾತ್ರ ಸಲ್ಲುತ್ತದೆ. ಎಣ್ಣೆ ನೀರಿಗಿಂತ ಹಗುರ. ಕೊಬ್ಬರಿ ಎಣ್ಣೆ ಮಿಲಿಗೆ ಸುಮಾರು 0.92 ಗ್ರಾಂ ತೂಗುತ್ತದೆ. ಹಾಲು ನೀರಿಗಿಂತ ತುಸು ಭಾರ, 1.03 ಗ್ರಾಂ. ಜೇನುತುಪ್ಪವಂತೂ 1.4 ಗ್ರಾಂ ದಾಟುತ್ತದೆ. ಅದೇ ಅರ್ಧ ಕಪ್ ಜೇನು 170 ಗ್ರಾಂ ಆಗುತ್ತದೆ. ಬೆಲ್ಲದ ಪಾಕಕ್ಕೆ ಇಂಥದ್ದೇ ಎಂಬ ಅಂಕಿ ಕೊಡಲಾಗದು, ಕುದಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ತೆಂಗಿನಹಾಲನ್ನು ನೀರಿನಷ್ಟೇ ಎಂದು ಹಿಡಿದರೆ ಅಡ್ಡಿಯಿಲ್ಲ, ಆದರೆ ಮೇಲೆ ಕಟ್ಟಿದ ಕೆನೆಯನ್ನು ಕಲಕಿಯೇ ತೂಗಿ.

ನಿಮ್ಮ ಸೀಮೆಯಲ್ಲಿ ತೂಕವೇ ಹೆಚ್ಚು ನಂಬಿಕೆಯ ದಾರಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ತಿಪಟೂರು, ಚಿಕ್ಕನಾಯಕನಹಳ್ಳಿಯ ಮಾಗಿಯ ಬೆಳಗಿಗೆ ಅಷ್ಟು ಚಳಿ ಧಾರಾಳವಾಗಿರುತ್ತದೆ. ಹೆಪ್ಪಾದುದನ್ನು ಚಮಚದಲ್ಲಿ ಕೆರೆದು ಕಪ್‌ಗೆ ತುಂಬಿದರೆ ನಡುವೆ ಗಾಳಿ ಉಳಿದು ಎಣ್ಣೆ ಕಡಿಮೆಯಾಗುತ್ತದೆ. ಕಾಯಿಸಿದರೆ ಹಿಗ್ಗುತ್ತದೆ. ಎರಡರಲ್ಲೂ ತೂಕ ಬದಲಾಗದು. ಬಿಸಿಯಾದರೆ ಎಣ್ಣೆ ಹಿಗ್ಗುವುದರಿಂದಲೇ, ಪೊಟ್ಟಣದ ಮೇಲೆ ಇಂತಿಷ್ಟು ಡಿಗ್ರಿಯಲ್ಲಿ ಒಂದು ಲೀಟರ್ ಎಂದು ಬರೆಯುವುದನ್ನು ಬಿಟ್ಟು ಅಳತೆಯ ಜೊತೆಗೆ ಸರಿಯಾದ ತೂಕವನ್ನೂ ನಮೂದಿಸಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಖಾದ್ಯ ತೈಲ ತಯಾರಕರಿಗೆ ಸೂಚಿಸಿತು.

ಕೇಕ್ ಕಲಸುವ ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ, 110 ತೋರಿಸುವವರೆಗೆ ಎಣ್ಣೆ ಸುರಿಯಿರಿ. ಕಪ್‌ಗೆ ಅಂಟಿ ಉಳಿಯುವ ಎಣ್ಣೆಯೂ ವ್ಯರ್ಥವಾಗದು.