ಎರಡು, ನಾಲ್ಕು, ಆರು

ಮೊದಲು ಒಂದು ಚಿಕ್ಕ ಆಟ. 2, 4, 6 – ಈ ಮೂರು ಸಂಖ್ಯೆಗಳನ್ನು ಒಂದು ನಿಯಮದ ಪ್ರಕಾರ ಬರೆದಿದ್ದೇನೆ. ಆ ನಿಯಮ ಯಾವುದೆಂದು ನೀವು ಕಂಡುಹಿಡಿಯಬೇಕು. ನೀವು ಬೇರೆ ಮೂರು ಸಂಖ್ಯೆಗಳನ್ನು ಹೇಳಿ, ಅವು ನಿಯಮಕ್ಕೆ ಹೊಂದುತ್ತವೆಯೇ ಎಂದು ಎಷ್ಟು ಸಲ ಬೇಕಾದರೂ ಕೇಳಬಹುದು.

ಹೆಚ್ಚಿನವರು ‘8, 10, 12’ ಎನ್ನುತ್ತಾರೆ. ಸರಿ. ‘20, 22, 24?’ ಅದೂ ಸರಿ. ‘ಹಾಗಾದರೆ ಗೊತ್ತಾಯಿತು, ಎರಡೆರಡು ಕೂಡಿಸುತ್ತಾ ಹೋಗುವುದು!’

ತಪ್ಪು. ಸಂಖ್ಯೆಗಳು ಏರುತ್ತಾ ಹೋಗಬೇಕು, ನಿಯಮ ಅಷ್ಟೇ. 1, 7, 100 ಕೂಡ ನಡೆಯುತ್ತದೆ. ಒಂದೇ ಒಂದು ಸಲ ‘1, 2, 3’ ಎಂದು ಕೇಳಿದ್ದರೆ ಆ ಊಹೆ ಅಲ್ಲೇ ಬಿದ್ದುಹೋಗುತ್ತಿತ್ತು. ಆದರೆ ನಮ್ಮ ಊಹೆಯನ್ನು ನಾವೇ ಬೀಳಿಸುವ ಪ್ರಶ್ನೆ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಮೊದಲ ಸಲ ಆಡಿದಾಗ ನನಗೂ ಹೊಳೆದಿರಲಿಲ್ಲ.

ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಪೀಟರ್ ವೇಸನ್ ಈ ಪ್ರಯೋಗವನ್ನು 1960ರಲ್ಲಿ ಪ್ರಕಟಿಸಿದರು. ಭಾಗವಹಿಸಿದ್ದ 29 ಮಂದಿಯಲ್ಲಿ ಒಂದೂ ತಪ್ಪು ಉತ್ತರ ಕೊಡದೆ ನಿಯಮ ಹೇಳಿದವರು 6 ಮಂದಿ ಮಾತ್ರ. ಉಳಿದವರು ದಡ್ಡರೇನಲ್ಲ, ಅವರು ತಮ್ಮ ಊಹೆಗೆ ‘ಹೌದು’ ಎನ್ನುವ ಸಾಕ್ಷಿಗಳನ್ನೇ ಹುಡುಕುತ್ತಿದ್ದರು. ಇದನ್ನು ದೃಢೀಕರಣ ಪೂರ್ವಗ್ರಹ ಎನ್ನುತ್ತಾರೆ. ಮೊದಲೇ ನಂಬಿದ್ದನ್ನು ಗಟ್ಟಿ ಮಾಡುವುದು ಮಾತ್ರ ಕಣ್ಣಿಗೆ ಬೀಳುವುದು ಎಂದರ್ಥ.

ಆಟದಲ್ಲಿ ಸೋತರೆ ನಷ್ಟವಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ತಂಡ ಬಂದಿದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ದೇಶವೆಲ್ಲ ಹರಿದಾಡುತ್ತಿತ್ತು. ಆ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಬೇರೆ ದಿನವಾಗಿದ್ದರೆ ‘ಒಳ್ಳೆಯ ಜನ’ ಎಂದು ಮಾತು ಮುಗಿಯುತ್ತಿತ್ತು. ಆ ದಿನ ಚಾಕೊಲೇಟೇ ಸಾಕ್ಷಿಯಾಯಿತು. ಹೆದರಿ ಕಾರಿನಲ್ಲಿ ಹೊರಟರು, ಓಡಿದ್ದೂ ಸಾಕ್ಷಿಯಾಯಿತು. ಸುದ್ದಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಹಲ್ಲೆ ನಡೆಸಿತು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು.

ಪಿತೂರಿಯ ಕಥೆಗಳೆಲ್ಲ ಹೀಗೆಯೇ ಬೆಳೆಯುತ್ತವೆ. ಪೊಲೀಸರು ‘ಅಂಥ ತಂಡ ಯಾವುದೂ ಇಲ್ಲ’ ಎಂದರೆ ‘ಮುಚ್ಚಿಡುತ್ತಿದ್ದಾರೆ’ ಎನ್ನುತ್ತೇವೆ. ಪತ್ರಿಕೆಯಲ್ಲಿ ಬರದಿದ್ದರೆ ‘ನೋಡಿ, ಬರೆಯುವ ಧೈರ್ಯವಿಲ್ಲ’, ಬಂದರೆ ‘ನಾವು ಹೇಳಿರಲಿಲ್ಲವೇ?’ ಏನು ನಡೆದರೂ ಕಥೆ ಗೆಲ್ಲುತ್ತದೆ. ಕೇಳುವವರಿಗೆ ಇದು ಕಥೆಯ ಬಲವೆಂದು ತೋರುತ್ತದೆ. ನನಗೆ ಇದೇ ಅನುಮಾನಕ್ಕೆ ಮೊದಲ ಕಾರಣ. ಯಾವ ಸಂಗತಿ ಕಂಡರೆ ಇದು ಸುಳ್ಳೆಂದು ಒಪ್ಪುತ್ತೀರಿ ಎಂದು ಕೇಳಿನೋಡಿ. ಉತ್ತರವೇ ಇಲ್ಲದಿದ್ದರೆ ಅಲ್ಲಿ ಪರೀಕ್ಷೆಯೇ ನಡೆದಿಲ್ಲ. ಇದು ನಮ್ಮ ಮನೆಯ ಗ್ರೂಪಿನ ಹಿರಿಯರಿಗೆ ಕೇಳುವಷ್ಟು ಸುಲಭದ ಪ್ರಶ್ನೆಯಲ್ಲ, ಗೊತ್ತು. ನಮಗೆ ನಾವೇ ಕೇಳಿಕೊಳ್ಳುವುದು ಇನ್ನೂ ಕಷ್ಟ. ನಮಗೆ ಇಷ್ಟವಿಲ್ಲದವರ ಬಗ್ಗೆ ಬಂದ ಸಂದೇಶವನ್ನು ಫಾರ್ವರ್ಡ್ ಮಾಡುವಾಗ ಬೆರಳು ತಡೆಯುವುದಿಲ್ಲ.

ಆ ದಿನಗಳಲ್ಲಿ ಒಂದು ವಿಡಿಯೊ ಬಹಳ ಓಡಾಡಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಕಿರುಚಿತ್ರ. ಪೂರ್ತಿ ಚಿತ್ರದಲ್ಲಿ ಆ ಇಬ್ಬರು ಹಿಂದಿರುಗಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ನಮ್ಮ ಫೋನುಗಳಿಗೆ ಬಂದದ್ದರಲ್ಲಿ ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.